ನೆರೆಮನೆಯಲ್ಲಿಟ್ಟ ಭಾರ

ನಮ್ಮ ಓಣಿಯಲ್ಲಿ ಯಾವ ತಾಯಿಗೆ ಆಪರೇಷನ್ ಆದರೂ, ಅವಳ ಮಕ್ಕಳ ಭಾರವನ್ನು ನೆರೆಮನೆಯವರು ಇಸಿದುಕೊಂಡು ಹೊರುತ್ತಾರೆ. ನೀಲವ್ವನ ಹೊಟ್ಟೆಯ ಹೊಲಿಗೆ ಇನ್ನೂ ಹಸಿಯಾಗಿತ್ತು. ಅದಕ್ಕೇ ಅವಳ ಎರಡು ಕೂಸುಗಳ ಭಾರ ಪಕ್ಕದ ಮನೆಯ ದ್ಯಾಮವ್ವನ ಸೊಂಟದಲ್ಲಿತ್ತು. ಹಗುರಾದ ಕೂಸುಗಳು ಮಂಚಕ್ಕೆ ಬಿಗಿದ ಉಡಿದಾರದ ತುದಿಯಲ್ಲಿ ತೇಲುತ್ತ, ದಿನವಿಡೀ ತಾಯಿಯ ಮೇಲೆಯೇ ಆಡಿಕೊಂಡಿರುತ್ತಿದ್ದವು.

ಆದರೆ ನಿದ್ದೆ ಬರುವುದು ಭಾರ ಇದ್ದಲ್ಲಿಗೇ. ಸಂಜೆಯಾದರೆ ಎರಡೂ ಅತ್ತು ದ್ಯಾಮವ್ವನ ಕಡೆಗೆ ಕೈಚಾಚುತ್ತಿದ್ದವು.

ಅಂದು ದ್ಯಾಮವ್ವ ಏದುಸಿರು ಬಿಡುತ್ತ ನೀಲವ್ವನ ಮನೆಗೆ ಬಂದು ದೇವರ ದೀಪ ಹಚ್ಚಿದಳು. "ನಿನ್ನ ಮಗ ಏನ್ ಕಲ್ಲು ತಿಂತಾನೇನವ್ವಾ? ನನ್ನ ಸೊಂಟ ಹೋತು."

ನೀಲವ್ವ ನಗಲಿಲ್ಲ. "ಯಕ್ಕಾ, ಇವು ನನ್ನ ಮಗ್ಗಲಾ ಮರತಬಿಡ್ತಾವ. ಇವತ್ತೊಂದಿನ ಭಾರ ನನಗ ಕೊಡು."

"ಹೊಲಿಗಿ ಬಿಚ್ಚಿದ್ರ ಏನ್ ಮಾಡ್ತಿ?"

ನೀಲವ್ವನ ಕಣ್ಣು ತುಂಬಿದವು. ದ್ಯಾಮವ್ವ ದೀಪದ ಬತ್ತಿ ಏರಿಸಿ ಮಂಚದ ಬಳಿ ಬಂದಳು.

"ಎಲ್ಲಾ ಕೊಡಂಗಿಲ್ಲ. ತಲಿದಷ್ಟ ಕೊಡ್ತೀನಿ. ತೋಳ ಚಾಚು."

ಶಿವಶಿವಾ ಎನ್ನುತ್ತ ತನ್ನ ಸೊಂಟವನ್ನು ಸವರಿ, ಅದೇ ಅಂಗೈಯನ್ನು ನೀಲವ್ವನ ತೋಳುಗಳಿಗೆ ಒರೆಸಿದಳು.

ತೇಲುತ್ತಿದ್ದ ಎರಡು ತಲೆಗಳು ಮೆಲ್ಲಗೆ ಇಳಿದು ಬಂದು ತಾಯಿಯ ಎರಡು ತೋಳುಗಳ ಮೇಲೆ ಒರಗಿದವು. ಮೈಗಳು ಮಾತ್ರ ಒಣಹಾಕಿದ ಬಟ್ಟೆಯಂತೆ ಮೇಲೆಯೇ ಗಾಳಿಗೆ ಆಡುತ್ತಿದ್ದವು. ಒಂದು ಆಕಳಿಸಿತು. ಆಮೇಲೆ ಇನ್ನೊಂದು. ಅಲ್ಲಿಯೇ ನಿದ್ದೆ ಹೋದವು.

ತೋಳುಗಳು ಜೋಮು ಹಿಡಿದವು. ನೀಲವ್ವ ಅಲುಗಲಿಲ್ಲ.