ಟೆಸ್ಟ್ ರೀಲಿನ ಸದ್ದು

ಟಿಕ್.

ಹೆಡ್‌ಫೋನಿನಲ್ಲಿ ಆ ಸದ್ದು ಮತ್ತೆ ಕೇಳಿದಾಗ ಊರೆಲ್ಲ ಮಲಗಿತ್ತು. ಪುಟ್ಟಿ ರೀಲನ್ನು ಹಿಂದಕ್ಕೆ ಓಡಿಸಿದಳು. ಹಳೆಯ ಸಿನಿಮಾಗಳ ಧ್ವನಿಯೊಳಗೆ ಸೇರಿಕೊಂಡ ಗರಗರ, ಚಟಪಟಗಳನ್ನು ತೆಗೆಯುವುದೇ ಅವಳ ಕೆಲಸ. ತಲೆ ನೆರೆಯತೊಡಗಿದ್ದರೂ ಮನೆಯವರ ಬಾಯಲ್ಲಿ ಅವಳಿನ್ನೂ ಪುಟ್ಟಿಯೇ. ಇದು ಧೂಳಿನ ಸದ್ದಲ್ಲ, ಗೀರಿನದೂ ಅಲ್ಲ. ಹುಟ್ಟಿದಾಗಿನಿಂದ ಕೇಳಿದ ಸದ್ದು. ಅಮ್ಮನ ಪರ್ಸಿನ ಕೊಂಡಿ.

ಮರುದಿನ ಸಂಜೆ ಅಮ್ಮ ನಟಿಸಿದ ಸಿನಿಮಾದ ಹೊಸ ಪ್ರತಿಯ ಪ್ರದರ್ಶನವಿತ್ತು. ಆ ಸಿನಿಮಾ ನಿಂತಿರುವುದೇ ಕೊನೆಯ ದೃಶ್ಯದ ಮೇಲೆ ಎಂದು ಎಲ್ಲರೂ ಹೇಳುತ್ತಾರೆ: ಬಾಗಿಲಲ್ಲಿ ಕಾದು ನಿಂತ ಹೆಂಗಸು, ಅವಳ ಕಣ್ಣಿನ ಭಯ. ಬೇರೆ ಯಾರನ್ನು ಹಾಕಿದ್ದರೂ ಒಂದು ವಾರ ಓಡಿ ಡಬ್ಬ ಸೇರುತ್ತಿತ್ತು ಎಂದು ನಿರ್ದೇಶಕರು ಸಾಯುವವರೆಗೂ ಅನ್ನುತ್ತಿದ್ದರಂತೆ. ಪಾತ್ರಕ್ಕೆಂದು ಅವರು ಕರೆಸಿದ್ದು ದೊಡ್ಡಮ್ಮನನ್ನು. ಅಮ್ಮ ಅಕ್ಕನಿಗೆ ಜೊತೆಯೆಂದು ಹೋದವಳು. ಕ್ಯಾಮೆರಾದ ಮುಂದೆ ಅಕ್ಕನ ಪರೀಕ್ಷೆ ಕೈಕೊಟ್ಟಾಗ, ಬಂದಿದ್ದೀಯಲ್ಲ, ನೀನೂ ನಿಲ್ಲು ಎಂದು ನಿಲ್ಲಿಸಿದರು. ಅವತ್ತು ಅಕ್ಕತಂಗಿಯರದು ತೆಗೆದ ಆ ಎರಡು ಟೆಸ್ಟ್ ರೀಲುಗಳನ್ನು ಸಿನಿಮಾಕ್ಕೆ ಮೊದಲು ತೋರಿಸಬಹುದೇ ಎಂದು ಸಂಘಟಕರು ಕೇಳಿದಾಗ ದೊಡ್ಡಮ್ಮ ತಕ್ಷಣ ಒಪ್ಪಿಕೊಂಡಿದ್ದಳು. ಹಳೇ ಕಸ ಯಾಕೆ ಕೆದಕಬೇಕು ಎಂದು ವಾರದಿಂದ ಗೊಣಗುತ್ತಿದ್ದವಳು ಅಮ್ಮ.

ಈಗ ಪುಟ್ಟಿಯ ಮುಂದಿನ ಪರದೆಯ ಮೇಲೆ ಹರೆಯದ ದೊಡ್ಡಮ್ಮ ಬಾಗಿಲು ಹಿಡಿದು ನಿಂತಳು. ಅವಳ ದನಿ ಕೇಳುತ್ತ ಪುಟ್ಟಿಗೆ ಒಂದು ಕ್ಷಣ ಕೆಲಸವೇ ಮರೆತುಹೋಯಿತು. "ಇಷ್ಟು ಹೊತ್ತಾದ್ರೂ ಅವರು..." ಟಿಕ್. ಮಾತು ತುಂಡಾಯಿತು, ಕುತ್ತಿಗೆ ಪಕ್ಕಕ್ಕೆ ತಿರುಗಿತು. ಮತ್ತೆ ಮೊದಲಿನಿಂದ. ಅದೇ ಮಾತಿಗೆ ಟಿಕ್, ಅದೇ ಕುತ್ತಿಗೆ. ಕೊನೆಗೆ ಕ್ಯಾಮೆರಾದ ಹಿಂದಿನಿಂದ ಗಂಡು ದನಿಯೊಂದು, "ಸಾಕು ಬಿಡಮ್ಮ" ಎಂದಿತು. ಅಮ್ಮನ ರೀಲಿನಲ್ಲಿ ಟಿಕ್ ಎನ್ನುವುದೇ ಇರಲಿಲ್ಲ.

ಆ ಕೊಂಡಿಯದು ಮನೆಯಲ್ಲಿ ಎಷ್ಟೋ ಸಲ ಹೇಳಿ ನಕ್ಕ ಕಥೆ. ನಾಟಕ ಎಂದರೆ ಕೆಂಡವಾಗುತ್ತಿದ್ದ ಅಜ್ಜ. ಕೋಣೆಯಲ್ಲಿ ಕದ್ದು ಮಾತು ಒಪ್ಪಿಸುವ ಅಕ್ಕ. ಬಾಗಿಲಲ್ಲಿ ಕಾವಲಿಗೆ ತಂಗಿ. ಅಜ್ಜನ ಹೆಜ್ಜೆ ಕೇಳಿದರೆ ತಂಗಿ ಕೊಂಡಿ ಒತ್ತಬೇಕು, ಅಕ್ಕ ತಟ್ಟನೆ ಬಾಯಿ ಮುಚ್ಚಬೇಕು. ಗಾಬರಿಯಾದಾಗಲೆಲ್ಲ ಅಮ್ಮನ ಕೈ ಈಗಲೂ ಆ ಕೊಂಡಿಯನ್ನೇ ಹುಡುಕುತ್ತದೆ. ಅವತ್ತೂ ಬರೀ ಗಾಬರಿಯೇ ಇರಬೇಕು ಎಂದು ಪುಟ್ಟಿ ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಆದರೆ ಗಾಬರಿಗೆ ಪ್ರತಿ ಸಲವೂ ಅದೇ ಮಾತು ಹೇಗೆ ಸಿಕ್ಕುತ್ತದೆ? ನಾಳೆ ತುಂಬಿದ ಥಿಯೇಟರಿನಲ್ಲಿ ಇಬ್ಬರೂ ಅಕ್ಕಪಕ್ಕ ಕೂತು ಇದನ್ನು ಕೇಳಬೇಕು. ಆಮೇಲೆ ಅದೇ ಮನೆಗೆ ಬಂದು ಒಟ್ಟಿಗೆ ಊಟಕ್ಕೆ ಕೂರಬೇಕು. ಬೆಳಗಾಗುವುದರೊಳಗೆ ಅವಳು ಸದ್ದುಗಳನ್ನೆಲ್ಲ ಒಂದೊಂದಾಗಿ ಅಳಿಸಿದಳು.

ಬೆಳಿಗ್ಗೆ ದೊಡ್ಡಮ್ಮ ಹೇಳದೆ ಕೇಳದೆ ಸ್ಟುಡಿಯೋಗೆ ಬಂದಳು. ತನ್ನ ಮೂತಿಯನ್ನು ಊರು ನೋಡುವ ಮೊದಲು ತಾನು ನೋಡಬೇಕಂತೆ. ಬೇಡವೆನ್ನಲು ಪುಟ್ಟಿಗೆ ನೆಪ ಸಿಗಲಿಲ್ಲ. ರೀಲು ಓಡಿತು. ಕುತ್ತಿಗೆ ತಿರುಗಿತು, ಏನೂ ಇಲ್ಲದ್ದಕ್ಕೆ. ದೊಡ್ಡಮ್ಮ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಂಡಳು.

"ಇಲ್ಲೊಂದು ಸದ್ದಿತ್ತಲ್ಲೇ. ಎಲ್ಲಿ ಹೋಯ್ತು?"

ಪುಟ್ಟಿ ಕೀಲಿಮಣೆ ಒತ್ತಿ ರೀಲು ನಿಲ್ಲಿಸಿದಳು.

"ಅಪ್ಪ ತೀರ್ಕೊಂಡು ಆಗಲೇ ವರ್ಷ ಆಗಿತ್ತು ಪುಟ್ಟಿ. ಆದ್ರೂ ನೋಡು, ಈ ದರಿದ್ರ ಕುತ್ತಿಗೆ ತಾನಾಗೇ ತಿರುಗಿಬಿಡ್ತು."

"ಅಮ್ಮನ್ನ ಯಾವತ್ತೂ ಕೇಳಲಿಲ್ವಾ ದೊಡ್ಡಮ್ಮ?"

"ಕೇಳಿ? ಅವಳದ್ದು ಹಾಕು."

ಅಮ್ಮನ ಮುಖ ಪರದೆ ತುಂಬಿತು. ನಿರ್ದೇಶಕರನ್ನು ಹಿಡಿದು ನಿಲ್ಲಿಸಿದ, ಆಮೇಲೆ ಊರೂರು ಹಿಡಿದು ನಿಲ್ಲಿಸಿದ ಕಣ್ಣು. ಅದು ಕ್ಯಾಮೆರಾವನ್ನು ನೋಡುತ್ತಿರಲಿಲ್ಲ, ಸ್ವಲ್ಪ ಬಲಕ್ಕೆ ನೋಡುತ್ತಿತ್ತು.

"ಅಲ್ಲಿ ನಿಂತಿದ್ದೋಳು ನಾನು," ದೊಡ್ಡಮ್ಮ ಮೆಲ್ಲಗೆ ಹೇಳಿದಳು. "ನನ್ನನ್ನೇ ನೋಡ್ತಿದ್ದಾಳೆ. ಆ ಭಯ ನಾನು ಎಲ್ಲಿಂದ ತರ್ಲಿ? ನಾನು ಯಾರಿಗೂ ಏನೂ ಮಾಡಿರಲಿಲ್ವಲ್ಲ." ಅಳಿಸಿದ್ದು ಅಳಿಸಿದ ಹಾಗೇ ಇರಲಿ, ತನಗೆ ನಟನೆ ಬರುತ್ತಿರಲಿಲ್ಲ ಎಂದು ನಾಲ್ಕು ಜನ ಅಂದುಕೊಂಡರೆ ಗಂಟೇನೂ ಹೋಗುವುದಿಲ್ಲ ಎಂದು ಎದ್ದಳು.

ಸಂಜೆ ದೊಡ್ಡಮ್ಮ ಕನ್ನಡಿಯ ಮುಂದೆ ಕೂತು ತಲೆ ಬಾಚುತ್ತಿದ್ದಳು. ಅಮ್ಮ ಸಿದ್ಧಳಾಗಿ ಬಾಗಿಲ ಬಳಿ ನಿಂತಿದ್ದಳು, ಪರ್ಸನ್ನು ಎದೆಗವಚಿಕೊಂಡು. ಕಾರು ಬಂತಾ ಎಂದು ಆಗಲೇ ಎರಡು ಸಲ ಕೇಳಿದ್ದವಳು ಈಗ ದನಿ ತಗ್ಗಿಸಿದಳು.

"ಪುಟ್ಟಿ, ಆ ಹಳೇ ರೀಲಲ್ಲಿ... ಸದ್ದು ಗಿದ್ದು ಏನಾದ್ರೂ ಇತ್ತಾ?"

ಯಾರಿಗೂ ಹೇಳುವುದಿಲ್ಲ, ಅಮ್ಮನಿಗೂ ಹೇಳುವುದಿಲ್ಲ ಎಂದು ಪುಟ್ಟಿ ಆ ಗಳಿಗೆಯಲ್ಲಿ ನಿಶ್ಚಯಿಸಿದಳು.

"ಏನೂ ಇರಲಿಲ್ಲಮ್ಮ."

ಅಮ್ಮ ಉಸಿರುಬಿಟ್ಟಳು. ಅವಳ ಬೆರಳು ಕೊಂಡಿಯ ಮೇಲಿತ್ತು. ಟಿಕ್.

ಕನ್ನಡಿಯಲ್ಲಿ, ಬಾಚಣಿಗೆ ಅರ್ಧಕ್ಕೆ ನಿಂತು, ದೊಡ್ಡಮ್ಮನ ಕುತ್ತಿಗೆ ಬಾಗಿಲ ಕಡೆ ತಿರುಗಿತು.