ಮೇಜಿನ ಮೇಲಿನ ಎರಡು ಟೋಪಿ

ಟವೇರಿಸ್‌ನ ಕೈ ಕೆಂಪು ಟೋಪಿಯತ್ತ ಸರಿಯಿತು. ಹೈಸ್ಕೂಲಿನ ಜಿಮ್ಮಿನಲ್ಲಿ ಕೆಂಪು ಅಂಗಿ ತೊಟ್ಟು ಸೇರಿದ್ದ ಅಲಬಾಮಾದ ಆ ಪುಟ್ಟ ಊರು ಉಸಿರು ಬಿಗಿಹಿಡಿಯಿತು. ಮೇಜಿನ ಮೇಲಿದ್ದುದು ಎರಡೇ ಟೋಪಿ: ಕೆಂಪು ಕಾಲೇಜಿನದು, ಅದರ ಬದ್ಧವೈರಿ ನೀಲಿ ಕಾಲೇಜಿನದು. ಹುಡುಗ ಯಾವುದನ್ನು ತಲೆಗಿಡುತ್ತಾನೋ ಆ ಕಾಲೇಜಿಗೇ ಇನ್ನು ಅವನ ಫುಟ್‌ಬಾಲ್.

ಹುಡುಗನ ಮೊಣಕಾಲು ಮುರಿದಾಗ ಕೆಂಪು ಕಾಲೇಜಿನ ಕೋಚ್ ಫೋನ್ ಎತ್ತುವುದನ್ನೇ ಬಿಟ್ಟಿದ್ದ. ಗುಣವಾದ ಮೇಲೆ ಹಲ್ಲು ಕಿರಿಯುತ್ತ ಬಂದಿದ್ದ. ಆಸ್ಪತ್ರೆಗೆ ಬಂದವನು ನೀಲಿ ಕೋಚ್ ಒಬ್ಬನೇ. ಆದರೆ ಅಪ್ಪ ಲೂಷಿಯಸ್ ಹುಟ್ಟಿನಿಂದ ಕೆಂಪಿನ ಭಕ್ತ. ಹುಡುಗ ಅಪ್ಪನ ಮುಖ ನೋಡಿಯೇ ಕೈ ಚಾಚಿದ್ದ.

ಲೂಷಿಯಸ್ ಆ ಕೆಂಪು ಟೋಪಿಯನ್ನು ಕಸಿದು, ಕುರ್ಚಿಗೆ ಹಾಕಿ, ಅದರ ಮೇಲೇ ಕೂತ.

"ತಲೆ ಕೆಟ್ಟಿದೆಯೇನಯ್ಯಾ?" ಯಾರೋ ಕೂಗಿದರು.

"ಹೂಂ ಕಣಯ್ಯಾ, ಕೆಟ್ಟಿದೆ. ತಾಕತ್ತಿದ್ರೆ ಬಂದು ಎಬ್ಬಿಸು." ಮಗನತ್ತ ತಿರುಗಿದ. "ನನ್ನ ಮುಖ ಏನ್ ನೋಡ್ತೀಯೋ? ಉಳಿದಿರೋದನ್ನ ಹಾಕ್ಕೋ."