ಯಾರ ಕೈಯನ್ನೂ ಹಿಡಿಯದ ಗಾಳಿ

"ಅಜ್ಜಾರ, ಅದು ತಪ್ಪೈತ್ರಿ."

ತಂಗಡಗಿಯ ಹೊಳೆದಂಡೆಯ ಗುಡಿಯಲ್ಲಿ ನಡೆದಿದ್ದ ಪುರಾಣ ಗಕ್ಕನೆ ನಿಂತಿತು. ಶ್ರಾವಣದ ಕಡೆಯ ಸಂಜೆ. ಹೇಳುತ್ತಿದ್ದವರು ಗುರಲಿಂಗಪ್ಪ ಮಾಸ್ತರರು. ಸಾಲಿಯ ನೌಕರಿ ಮುಗಿದಾಗಿನಿಂದ ಇಪ್ಪತ್ತು ಶ್ರಾವಣ ಇದೇ ಕಂಬಕ್ಕೆ ಒರಗಿ ಪುರಾಣ ಹೇಳಿದವರು. ಎದ್ದು ನಿಂತವಳು ಮುದ್ದೇಬಿಹಾಳದ ಕಾಲೇಜಿನಲ್ಲಿ ಬಿ.ಎಸ್ಸಿ. ಓದುವ ಭುವನೇಶ್ವರಿ. ಪಕ್ಕದಲ್ಲೇ ಕೂತಿದ್ದ ಆಕೆಯ ಅಜ್ಜಿ ಸಿದ್ದವ್ವನಿಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಮಡಿಲಲ್ಲಿದ್ದ ಬಟ್ಟೆಯ ಗಂಟನ್ನು ಇನ್ನಷ್ಟು ಅವುಚಿಕೊಂಡಳು.

ಗಂಟಿನಲ್ಲಿ ಇದ್ದದ್ದು ಎರಡು ಸೀರೆ, ಒಂದು ಕಂಬಳಿ, ಒಂದು ವಿಭೂತಿಗಟ್ಟಿ. ಮಂಗಳಾರತಿ ಆದ ಮೇಲೆ, ದವಸ ಒಯ್ಯಲು ಬಂದ ಜೀಪಿನಲ್ಲಿ ಸಿದ್ದವ್ವ ಹೊಳೆಯಾಚೆಯ ಮಠಕ್ಕೆ ಹೊರಡುವವಳಿದ್ದಳು. ತಿರುಗಿ ಬರುವ ಮಾತಿರಲಿಲ್ಲ. ಮನೆಯಲ್ಲಿ ಯಾರೂ ಆಕೆಗೆ ಏನೂ ಅಂದವರಲ್ಲ. ಮಗ ಒಳ್ಳೆಯವ, ಸೊಸೆ ಅವನಿಗಿಂತ ಒಳ್ಳೆಯವಳು. ಆದರೆ ಮೊಮ್ಮಗಳ ಬಸ್ಸು ಹತ್ತು ನಿಮಿಷ ತಡವಾದರೆ ಸಾಕು, ಸಿದ್ದವ್ವನ ಎದೆ ಡವಡವ ಹೊಡೆದುಕೊಳ್ಳುತ್ತಿತ್ತು. ಮಗ ಹಸಿಗೈಯಲ್ಲಿ ಪಂಪ್‌ಸೆಟ್ಟಿನ ಸ್ವಿಚ್ಚು ಮುಟ್ಟಿದರೆ ಹೊಡೆದುಕೊಳ್ಳುತ್ತಿತ್ತು. ಸೊಸೆ ಎರಡು ಸಲ ಕೆಮ್ಮಿದರೂ ಅಷ್ಟೇ. ಎಪ್ಪತ್ತರ ವಯಸ್ಸಿನಲ್ಲಿ ಇದಿನ್ನು ಸಾಕೆನಿಸಿತ್ತು. ಹಾಗಿರುವಾಗ ಹೋದ ಸೋಮವಾರ ಮಾಸ್ತರರು ಹೇಳಿದ ಮಾತೊಂದು ಆಕೆಯೊಳಗೆ ಇಳಿದು ಕೂತುಬಿಟ್ಟಿತು. ಇವತ್ತೂ ಅದನ್ನೇ ಹೇಳಿದ್ದರು:

"ಗಾಳಿಯೊಳಗ ಹೀಲಿಯಂ, ನಿಯಾನ್, ಕ್ಸೆನಾನ್ ಅಂತ ಜಡ ಅನಿಲ ಅದಾವು. ಯಾರ ಕೈನೂ ಹಿಡಿಯಂಗಿಲ್ಲ, ಯಾರಿಗೂ ಅಂಟಂಗಿಲ್ಲ. ಅಂಟಿಲ್ಲ, ಅದಕ್ಕ ನೋವಿಲ್ಲ. ಭಕ್ತ ಅಂದ್ರ ಹಂಗಿರಬೇಕು."

"ಕುಂದರ ತಂಗಿ!" ಗಂಟೆಯ ಹಗ್ಗ ಹಿಡಿದು ಕೂತಿದ್ದ ಧೂಳಪ್ಪ ಗದರಿದ. "ನಿಮ್ಮಪ್ಪಗ ಮಗ್ಗಿ ಕಲಿಸಿದ ಮಾಸ್ತರು ಅವರು. ಅವರಿಗೇ ಪಾಠ ಹೇಳಾಕ ಬಂದಿಯೇನ?"

"ಕಾಕಾ, ನೀವು ಗಂಟಿ ತಪ್ಪಿ ಬಾರಿಸಿದ್ರ ನಾ ಏನೂ ಅನ್ನಂಗಿಲ್ಲ. ಇದು ನಮ್ಮ ಪುಸ್ತಕದಾಗಿನ ಮಾತು."

ಮಾಸ್ತರರು ಕೈಯೆತ್ತಿ ಧೂಳಪ್ಪನನ್ನು ಸುಮ್ಮನಾಗಿಸಿದರು. "ಏನೈತಿ, ಹೇಳವಾ."

"ಕ್ಸೆನಾನ್ ಆಕ್ಸಿಜನ್ ಸಂಗಾಟ ಕೂಡತೈತ್ರಿ. ನೇರ ಅಲ್ಲ. ಮೊದಲ ಫ್ಲೋರಿನ್ ಅಂತ ಭಾಳ ಜಬರದಸ್ತ ಅನಿಲ, ಅದು ಬಂದು ಹಿಡಕೋತೈತಿ. ಆಮ್ಯಾಲ ನೀರು ಮುಟ್ಟಿಸಿದ್ರ ಫ್ಲೋರಿನ್ ಬಿಟ್ಟು ಮೂರು ಆಕ್ಸಿಜನ್ ಹಿಡಕೋತೈತಿ." ಹುಡುಗಿ ಅಜ್ಜಿಯ ಮಡಿಲ ಗಂಟಿನತ್ತ ಕೈ ತೋರಿದಳು. "ಅದು ಯಾರಿಗೂ ಅಂಟಂಗಿಲ್ಲ ಅಂತ ನಂಬಿ ನಮ್ಮ ಆಯಿ ಮನಿ ಬಿಟ್ಟು ಹೊಂಟಾಳ್ರಿ, ಅಜ್ಜಾರ."

ಮಾಸ್ತರರು ಆಕೆಯ ಕೈಯಲ್ಲಿದ್ದ ಪುಸ್ತಕ ಇಸಿದುಕೊಂಡು ಚಾಳೀಸು ಮೂಗಿಗೇರಿಸಿದರು. ಪುಟದ ನಡುವೆ ಒಂದು ಚಿತ್ರ: ಕೆಳಗೆ ಮೂರು ಉಂಡೆ, ಅವುಗಳ ಮೇಲೊಂದು, ಹೊಲದಲ್ಲಿ ಮೂರು ಗುಂಡುಕಲ್ಲಿನ ಒಲೆ ಹೂಡಿ ಗಡಿಗೆ ಇಟ್ಟಂತೆ. ಅವರ ಬೆರಳು ಸಾಲಿನ ಮೇಲೆ ಎರಡು ಸಲ ಹೋಗಿ ಬಂದದ್ದನ್ನು ಸಿದ್ದವ್ವ ತಲೆ ಬಗ್ಗಿಸಿಕೊಂಡೇ ಓರೆಗಣ್ಣಿನಿಂದ ನೋಡಿದಳು.

"ನಾ ಓದುವಾಗಿನ ಪುಸ್ತಕದಾಗ ಇದು ಇರಲಿಲ್ಲವಾ," ಎಂದರು ಮಾಸ್ತರರು. "ಇಪ್ಪತ್ತು ಶ್ರಾವಣ ತಪ್ಪ ಹೇಳೇನಿ." ಕೈ ಮುಗಿದರು. ಹುಡುಗಿಗೋ ಒಳಗಿನ ದೇವರಿಗೋ ತಿಳಿಯಲಿಲ್ಲ. "ಕೂಡಿದ ಮ್ಯಾಲ ಅದು ಹೆಂಗಿರತೈತಿ?"

"ನೀರಾಗ ಇದ್ದರ ಶಾಂತ ಇರತೈತ್ರಿ. ನೀರಿನಿಂದ ತಗದು ಒಣಗಿಸಿದ್ರ ಮಾತ್ರ ಮುಟ್ಟಾಂಗಿಲ್ಲ. ಸಿಡೀತೈತಿ."

ಸಿದ್ದವ್ವ ಮೊದಲ ಸಲ ತಲೆಯೆತ್ತಿದಳು. "ಎಷ್ಟ ಮಂದಿ ಹಿಡಕೊಂಡಿರತಾರ ಅಂದಿ ಅದನ್ನ?"

"ಮೂರು, ಆಯಿ."

ಸಿದ್ದವ್ವನ ಹೆಬ್ಬೆರಳು ಬೆರಳಗೆರೆಗಳ ಮೇಲೆ ಮೆಲ್ಲಗೆ ಸರಿಯಿತು. ಮಗ. ಸೊಸೆ. ಮೊಮ್ಮಗಳು.

"ನಿಮ್ಮ ಎಮ್ಮಿ ಹಿಡದ್ರ ನಾಕಾತಲ್ಲ, ಸಿದ್ದಕ್ಕ!" ಧೂಳಪ್ಪ ಬಿಡಲಿಲ್ಲ.

"ನಾಕು ಹಿಡಕೊಂಡದ್ದೂ ಒಂದೈತಿ ಕಾಕಾ," ಎಂದಳು ಭುವನೇಶ್ವರಿ. "ಅದು ಇನ್ನೂ ಜಲ್ದಿ ಸಿಡೀತೈತಿ."

"ನಮ್ಮ ಎಮ್ಮಿ ಹಿಂಡಿ ನೋಡು, ಗೊತ್ತಾಕ್ಕೈತಿ," ಎಂದಳು ಸಿದ್ದವ್ವ. ಗುಡಿಯೆಲ್ಲ ನಕ್ಕಿತು.

ನಗೆ ಅಡಗುವಷ್ಟರಲ್ಲಿ ಹೊರಗೆ ಜೀಪಿನ ಹಾರ್ನು ಕೇಳಿತು. ಎಲ್ಲರ ಕಣ್ಣೂ ಆಕೆಯ ಮಡಿಲ ಗಂಟಿನ ಮೇಲೆ ಬಿತ್ತು. ಮಾಸ್ತರರು ಪುಸ್ತಕ ಮುಚ್ಚಿದರು.

"ನನ್ನ ಮಾತು ಕೇಳಿ ಹೊಂಟಿದ್ದರ ಸಿದ್ದವ್ವ, ಆ ಮಾತು ನಾ ತಿರುಗಿ ತಗೊಂಡೇನಿ. ಮಠಾನೂ ದೇವರದ, ಮನೀನೂ ದೇವರದ. ಹೋಗೂದು ಇರೂದು ನಿನಗ ಬಿಟ್ಟದ್ದು."

ಸಿದ್ದವ್ವ ಕಂಬಗಳಾಚೆ ತುಂಬಿ ಹರಿಯುತ್ತಿದ್ದ ಕೃಷ್ಣೆಯನ್ನು ನೋಡಿದಳು.

"ಹಂಗಾದ್ರ ಮಾಸ್ತರ," ಎಂದಳು, "ನಾ ಶಾಂತಿ ಬೇಕಂತ ಒಣಗಾಕ ಹೊಂಟಿದ್ನೇನ್ರಿ?"

ಮರುದಿನ ಸಂಜೆ ಮುದ್ದೇಬಿಹಾಳದ ಬಸ್ಸು ಹೊತ್ತಿಗೆ ಸರಿಯಾಗಿ ಬರಲಿಲ್ಲ. ಬೇವಿನ ಕಟ್ಟೆಯ ಮೇಲೆ ಕೂತ ಸಿದ್ದವ್ವ ದಾರಿ ನೋಡಿದಳು. ಐದೂವರೆ ಆಯಿತು, ಐದು ಮುಕ್ಕಾಲಾಯಿತು. ಎದೆ ಹೊಡೆದುಕೊಳ್ಳತೊಡಗಿತು. ಮೊದಲಿನಂತೆ ಆಕೆ ಅದರ ಮೇಲೆ ಅಂಗೈ ಇಟ್ಟು ಅದುಮಲಿಲ್ಲ. ಮನೆಗೆ ತಿರುಗಿ ಬರುವ ದನದ ಕೊರಳಗಂಟೆ ಕೇಳುವಂತೆ, ಕಿವಿಗೊಟ್ಟು ಕೂತಳು.